ಮಳೆ ನಮಗಿಂತ ಕಮ್ಮಿ, ಕಾಡು ಮಾತ್ರ ಸಾವಿರಾರು ಮೈಲಿ: ಟೈಗಾ ಮರಗಳ ಬಗ್ಗೆ ಗೊತ್ತಿದ್ದವರು ಹೇಳಿ

ಚಳ್ಳಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಮೊನ್ನೆ ಸೈಬೀರಿಯಾದ ಟೈಗಾ, ಅಂದರೆ ಉತ್ತರದ ಚಳಿ ಸೀಮೆಯ ಸೂಜಿ ಎಲೆ ಮರಗಳ ಕಾಡಿನ ವಿಷಯ ಬಂತು. ಅಲ್ಲಿಯ ಯಾಕುಟ್ಸ್ಕ್ ಊರಿನ ಲೆಕ್ಕ ಬೋರ್ಡಿನ ಮೇಲೆ ಬರೆದೆ. ಜನವರಿಯಲ್ಲಿ ಸರಾಸರಿ ಮೈನಸ್ 38 ಡಿಗ್ರಿ ಆಸುಪಾಸು, ಜುಲೈನಲ್ಲಿ 19-20, ವರ್ಷದ ಮಳೆ ಸುಮಾರು 240 ಮಿ.ಮೀ. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, "ಸಾರ್, ನಮ್ಮೂರಲ್ಲಿ ಅದಕ್ಕಿಂತ ಜಾಸ್ತಿ ಮಳೆ ಬರುತ್ತೆ. ನಮಗೆ ಬರೀ ಜಾಲಿ, ಅವರಿಗೆ ಅಷ್ಟು ದೊಡ್ಡ ಕಾಡು. ಯಾಕೆ ಸಾರ್?" ಅಂದ.

ಪುಸ್ತಕದಲ್ಲಿ ಇರೋದು ಇಷ್ಟೇ: ಸೂಚಿಪರ್ಣ ಮರಗಳು, ಶಂಕುವಿನ ಆಕಾರ, ಮೆದು ಮರ, ಕಾಗದದ ಉದ್ಯಮ. ಆ ಹುಡುಗನ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಮುಂದಿನ ವಾರ ಹೇಳ್ತೀನಿ ಅಂದಿದ್ದೇನೆ. ಇಲ್ಲಿ ಕಾಡು ಬಲ್ಲವರು ಇದ್ದೀರಿ, ಹೊರದೇಶದಲ್ಲಿ ಇರುವವರೂ ಇದ್ದೀರಿ. ಸ್ವಲ್ಪ ಬಿಡಿಸಿ ಹೇಳಿ.

ಬೆಣ್ಣೆದೋಸೆ ಪ್ರೆಸ್ಸು (ದಾವಣಗೆರೆ)

ಇದರಲ್ಲಿ ಏನಿದೆ ಮೇಷ್ಟ್ರೇ? ಮಳೆ ಕಮ್ಮಿ ಇದ್ದರೆ ಏನಾಯ್ತು, ಹಿಮ ಬೀಳುತ್ತಲ್ಲ. ಅದು ಕರಗಿ ನೀರಾಗುತ್ತೆ. ಮುಗೀತು.

ಜಗಳೂರು ಜಾಲಿ

ಪ್ರೆಸ್ಸಿನವರೇ, ಆ 240 ರಲ್ಲಿ ಹಿಮವೂ ಸೇರಿದೆ. ಹಿಮವನ್ನು ಕರಗಿಸಿ ನೀರಿನ ಲೆಕ್ಕದಲ್ಲೇ ಅಳೆಯುತ್ತಾರೆ. ಹಾಗಾಗಿ ಹುಡುಗನ ಪ್ರಶ್ನೆ ಹಾಗೇ ಉಳಿಯಿತು.

ನಾನು ಕಾಡಿನ ಕೆಲಸದಲ್ಲೇ ತಲೆ ಹಣ್ಣಾದವನು, ಈಗ ನಿವೃತ್ತ. ಟೈಗಾ ಕಣ್ಣಾರೆ ನೋಡಿಲ್ಲ, ಓದಿ ಬಲ್ಲೆ. ಮೇಷ್ಟ್ರೇ, ಹುಡುಗನಿಗೆ ಮೊದಲು ಹೇಳಬೇಕಾದ್ದು ಇದು: ಆಕಾಶದಿಂದ ಎಷ್ಟು ಬಿತ್ತು ಅನ್ನೋದು ಅರ್ಧ ಲೆಕ್ಕ ಮಾತ್ರ. ಬಿದ್ದದ್ದರಲ್ಲಿ ಮರದ ಬೇರಿಗೆ ಎಷ್ಟು ದಕ್ಕಿತು, ಯಾವಾಗ ದಕ್ಕಿತು ಅನ್ನೋದು ಇನ್ನರ್ಧ.

ನಮ್ಮ ಕಡೆ ಏನಾಗುತ್ತೆ? ಬರುವ ಮಳೆಯ ಎರಡು ಪಟ್ಟಿಗೂ ಜಾಸ್ತಿ ನೀರನ್ನು ಆವಿ ಮಾಡಿಬಿಡುವಷ್ಟು ಬಿಸಿಲು ಮತ್ತು ಗಾಳಿ ನಮ್ಮಲ್ಲಿದೆ. ಗುಡ್ಡದ ಮೇಲೆ ಫ್ಯಾನು ನಿಲ್ಲಿಸಿ ಕರೆಂಟ್ ಮಾಡುವಷ್ಟು ಗಾಳಿ. ಮಳೆ ಬಂದರೂ ಎರಡು ಅಬ್ಬರದಲ್ಲಿ ಬಂದು ಹಳ್ಳ ಹಿಡಿದು ಹೋಗುತ್ತದೆ. ಉಳಿದದ್ದು ಬಂಡೆ ಸಂದಿಗೆ ಇಳಿಯುತ್ತದೆ. ಅದನ್ನು ಹುಡುಕಿಕೊಂಡೇ ಅಲ್ವಾ ನಾವು ಬೋರ್ ಕೊರೆಸೋದು.

ಯಾಕುಟ್ಸ್ಕ್‌ನಲ್ಲಿ ವರ್ಷದಲ್ಲಿ ಏಳು ತಿಂಗಳು ಎಲ್ಲವೂ ಹೆಪ್ಪುಗಟ್ಟಿರುತ್ತದೆ. ಆವಿಯಾಗುವ ಮಾತೇ ಕಡಿಮೆ. ಅದಕ್ಕಿಂತ ದೊಡ್ಡ ವಿಷಯ ನೆಲದ ಕೆಳಗಿದೆ. ಬೇಸಿಗೆಯಲ್ಲಿ ಮೇಲಿನ ಒಂದು ಮೀಟರ್ ಆಚೀಚೆ ಮಾತ್ರ ಕರಗುತ್ತದೆ. ಅದರ ಕೆಳಗೆ ನೂರಾರು ಮೀಟರ್ ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿದ ನೆಲ. ಅದನ್ನು ಪರ್ಮಾಫ್ರಾಸ್ಟ್ ಅಂತಾರೆ. ನೀರು ಅದನ್ನು ದಾಟಿ ಕೆಳಗೆ ಇಳಿಯಲಾರದು. ಬಿದ್ದದ್ದೆಲ್ಲ ಬೇರಿನ ಮಟ್ಟದಲ್ಲೇ ನಿಲ್ಲುತ್ತದೆ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ಕರಗುವ ಮಂಜುಗಡ್ಡೆಯಿಂದಲೇ ಒಂದಿಷ್ಟು ನೀರು ಸಿಗುತ್ತದೆ. ಆ ನೆಲ ಹೆಪ್ಪುಗಟ್ಟದೆ ಇದ್ದಿದ್ದರೆ ಅಷ್ಟು ಮಳೆಗೆ ಅಲ್ಲಿ ಬರೀ ಹುಲ್ಲುಗಾವಲು ಇರುತ್ತಿತ್ತು ಅನ್ನುವವರಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಇನ್ನೊಂದು ಮಾತು. ಚಳಿಗಾಲದಲ್ಲಿ ಆ ಮರಗಳ ಸುತ್ತ ನೀರೇ ನೀರು, ಆದರೆ ಎಲ್ಲವೂ ಗಡ್ಡೆ. ಬೇರು ಹೀರಲಾರದು. ಅಂದರೆ ಚಳಿಗಾಲ ಅಂದರೆ ಮರಕ್ಕೆ ಬರಗಾಲ. ಸೂಜಿ ಎಲೆ, ಅದರ ಮೇಲೆ ಮೇಣ, ಒಳಗೆ ಹುದುಗಿಕೊಂಡ ಉಸಿರಾಟದ ರಂಧ್ರ, ಇವೆಲ್ಲ ಬರ ತಡೆಯುವ ಏರ್ಪಾಡು. ನಮ್ಮ ಬಂದರಿಕೆ ಗಿಡದ ಎಲೆಯ ಮೇಲೆ ಕೈಯಾಡಿಸಿ ನೋಡಿ, ಅಂಟು ಅಂಟು. ಅದೂ ಇದೇ ಕಸುಬು.

ಚಳ್ಳಕೆರೆ ಮೇಷ್ಟ್ರು

ಭಾರಿ ಆಯ್ತು ಸಾರ್. ಚಳಿಗಾಲವೇ ಬರಗಾಲ ಅನ್ನೋದು ಹುಡುಗರಿಗೆ ತಟ್ಟಂತ ಹಿಡಿಯುತ್ತೆ. ಆದರೆ ಹಿಮದಲ್ಲಿ ನಿಂತ ಮರ ನೀರಿಲ್ಲದೆ ಒಣಗುತ್ತೆ ಅಂದರೆ ನಂಬುತ್ತಾರಾ? ಯಾರಾದರೂ ನೋಡಿದವರು ಇದ್ದೀರಾ?

ಉಮಿಯೋ ಹರಿಹರದವ

ನಾನು ನೋಡಿದ್ದೇನೆ ಮೇಷ್ಟ್ರೇ. ಹರಿಹರದವನು, ಕೆಲಸ ಸ್ವೀಡನ್ನಿನ ಉತ್ತರದ ಉಮಿಯೋ ಊರಿನಲ್ಲಿ. ಇಲ್ಲಿ ಮಾರ್ಚ್ ತಿಂಗಳಲ್ಲಿ ಮನೆ ಮುಂದಿನ ಹಸಿರು ಗಿಡಗಳಿಗೆ ಜನ ಗೋಣಿಬಟ್ಟೆ ಸುತ್ತುತ್ತಾರೆ. ಚಳಿಗೆ ಸುತ್ತುತ್ತಾರೆ ಅಂದುಕೊಂಡಿದ್ದೆ. ಪಕ್ಕದ ಮನೆ ಅಜ್ಜಿಯನ್ನು ಕೇಳಿದರೆ, "ಬಿಸಿಲಿಗಪ್ಪಾ" ಅಂದರು! ಮಾರ್ಚಿನಲ್ಲಿ ಬಿಸಿಲು ಚುರುಕಾಗುತ್ತದೆ, ಎಲೆ ಎಚ್ಚರವಾಗಿ ನೀರು ಕೇಳುತ್ತದೆ, ಬೇರು ಇನ್ನೂ ಗಡ್ಡೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಸೂಜಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗಾಗುತ್ತದೆ. ಹಿಮದೊಳಗೆ ಮುಚ್ಚಿಕೊಂಡಿದ್ದ ಕೆಳಗಿನ ಕೊಂಬೆ ಹಸಿರು, ಹಿಮದಿಂದ ಮೇಲಿದ್ದ ಭಾಗ ಕಂದು. ಗೆರೆ ಎಳೆದ ಹಾಗೆ ಗೊತ್ತಾಗುತ್ತದೆ.

ಕೋಟೆ ಹುಡುಗಿ (ಚಿತ್ರದುರ್ಗ)

ಮೆಡಿಕಲ್ ಓದಿದ್ದು ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ. ಈಗ ದುರ್ಗಕ್ಕೆ ವಾಪಸ್ ಬಂದಿದ್ದೇನೆ. ಆ ಊರಿನ ಪಕ್ಕದಲ್ಲೇ ಸ್ತೋಲ್ಬಿ ಅಂತ ಕಾಡು. ಕಾಡಿನ ನಡುವೆ ದೊಡ್ಡ ದೊಡ್ಡ ಬಂಡೆಗಳು ಎದ್ದು ನಿಂತಿವೆ. ಹಗ್ಗ ಇಲ್ಲದೆ ಬಂಡೆ ಹತ್ತುವ ಹುಚ್ಚು ಅಲ್ಲಿಯ ಜನಕ್ಕೆ ತಲೆಮಾರುಗಳಿಂದ ಇದೆ. ದುರ್ಗದವಳಿಗೆ ಇನ್ನೇನು ಬೇಕು? ರಜೆ ಸಿಕ್ಕರೆ ಅಲ್ಲೇ.

ಮೇಷ್ಟ್ರೇ, ನಿಮ್ಮ ಪುಸ್ತಕದಲ್ಲಿ ಟೈಗಾ ಅಂದರೆ ನಿತ್ಯಹಸಿರು ಸೂಚಿಪರ್ಣ ಅಂತ ಬರೆದಿದ್ದರೆ ಅದು ಪೂರ್ತಿ ಸರಿಯಲ್ಲ. ಸೈಬೀರಿಯಾದಲ್ಲಿ ಜಾಸ್ತಿ ಇರುವುದು ಲಾರ್ಚ್ ಮರ. ಯಾಕುಟ್ಸ್ಕ್ ಕಡೆಯಂತೂ ಬಹುಪಾಲು ಅದೇ. ಅದು ಸೂಜಿ ಮರವೇ, ಕಾಯಿಯೂ ಶಂಕುವೇ, ಆದರೆ ಚಳಿಗಾಲಕ್ಕೆ ಎಲ್ಲ ಸೂಜಿ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಕೊಂಬೆಯ ಮೇಲೆ ಗಿಡ್ಡ ಗಂಟುಗಳಿರುತ್ತವೆ, ಒಂದೊಂದು ಗಂಟಿನಿಂದ ಇಪ್ಪತ್ತು ಮೂವತ್ತು ಸೂಜಿಗಳ ಕುಚ್ಚು ಹೊರಡುತ್ತದೆ. ಚುಚ್ಚುವುದಿಲ್ಲ, ಮೃದು. ಸೆಪ್ಟೆಂಬರ್‌ನಲ್ಲಿ ಇಡೀ ಬೆಟ್ಟ ಹಳದಿ. ಆಮೇಲೆ ಒಂದು ಗಾಳಿ ಬೀಸಿದರೆ ದಾರಿ ತುಂಬ ಹಳದಿ ಸೂಜಿ, ಕೂದಲಿನಲ್ಲಿ, ಕೋಟಿನ ಕಾಲರಿನಲ್ಲಿ, ಊಟದ ಡಬ್ಬಿಯಲ್ಲಿ ಕೂಡ.

ಜಗಳೂರು ಜಾಲಿ

ಒಳ್ಳೆ ಮಾತು ಎತ್ತಿದೆ ಮಗಳೇ. ಮೇಷ್ಟ್ರೇ, ಇಲ್ಲಿದೆ ನಿಮ್ಮ ಪಾಠ. ನಮ್ಮ ಜೋಗಿಮಟ್ಟಿ ಕಾಡಿನಲ್ಲೋ ರಂಗಯ್ಯನದುರ್ಗದ ಕಾಡಿನಲ್ಲೋ ಮಾರ್ಚ್ ತಿಂಗಳಲ್ಲಿ ಹೋಗಿ ನೋಡಿ. ದಿಂಡಿಗ, ಮತ್ತಿ, ಮುತ್ತುಗ ಎಲ್ಲ ಎಲೆ ಕಳಚಿ ನಿಂತಿರುತ್ತವೆ. ನೀರು ಸಿಗದ ಕಾಲ, ಖರ್ಚು ಕಡಿಮೆ ಮಾಡೋಣ ಅಂತ. ಲಾರ್ಚ್ ಮಾಡುವುದೂ ಅದನ್ನೇ. ನಮ್ಮ ಮರ ಬಿಸಿಲಿಗೆ ಎಲೆ ಉದುರಿಸುತ್ತದೆ, ಅದು ಚಳಿಗೆ ಉದುರಿಸುತ್ತದೆ. ಎರಡಕ್ಕೂ ಕಾರಣ ಬೇರಿಗೆ ನೀರಿಲ್ಲ ಅನ್ನೋದು.

ಬೇರೆ ಮರಗಳು, ಅಂದರೆ ಸ್ಪ್ರೂಸ್, ಫರ್, ಪೈನ್, ಎಲೆ ಇಟ್ಟುಕೊಂಡೇ ತಡೆಯುತ್ತವೆ. ಅದಕ್ಕೂ ಒಂದು ಲೆಕ್ಕ ಇದೆ. ಅಲ್ಲಿ ಮಣ್ಣಿನಲ್ಲಿ ಸಾರ ಕಡಿಮೆ. ಚಳಿಗೆ ತರಗು ಬೇಗ ಕೊಳೆಯುವುದಿಲ್ಲ, ಗೊಬ್ಬರ ಆಗುವುದಿಲ್ಲ. ವರ್ಷ ವರ್ಷ ಹೊಸ ಎಲೆ ಮಾಡುವಷ್ಟು ಸಾರಜನಕ ಸಿಗುವುದು ಕಷ್ಟ. ಹಾಗಾಗಿ ಸ್ಪ್ರೂಸ್ ಒಂದೇ ಸೂಜಿಯನ್ನು ಐದಾರು ವರ್ಷ, ಇನ್ನೂ ಉತ್ತರಕ್ಕೆ ಹೋದರೆ ಹತ್ತಕ್ಕೂ ಹೆಚ್ಚು ವರ್ಷ ಇಟ್ಟುಕೊಳ್ಳುತ್ತದೆ. ವಸಂತದಲ್ಲಿ ಬಿಸಿಲು ಬಂದ ಕೂಡಲೇ ಅಡುಗೆ ಶುರು, ಎಲೆ ಚಿಗುರುವವರೆಗೆ ಕಾಯಬೇಕಾಗಿಲ್ಲ.

ಆದರೆ ಪೂರ್ವ ಸೈಬೀರಿಯಾದಷ್ಟು ಚಳಿಯಲ್ಲಿ ಎಲೆ ಕಾಪಾಡುವ ಖರ್ಚೇ ಜಾಸ್ತಿ. ವೆರ್ಖೊಯಾನ್ಸ್ಕ್‌ನಲ್ಲಿ 1892 ರಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿದೆ. ಅಂಥ ಕಡೆ ಲಾರ್ಚೇ ಗೆದ್ದಿತು. ರಷ್ಯಾದ ಉತ್ತರ ತುದಿಯ ತೈಮಿರ್‌ನ ಆರಿ-ಮಾಸ್‌ನಲ್ಲಿ 72 ಡಿಗ್ರಿ ಉತ್ತರ ಅಕ್ಷಾಂಶ ದಾಟಿ ನಿಂತಿರುವುದೂ ಲಾರ್ಚ್ ಕಾಡೇ. ಭೂಮಿಯ ಅತ್ಯಂತ ಉತ್ತರದ ಕಾಡುಗಳಲ್ಲಿ ಅದೂ ಒಂದು.

ಬೆಣ್ಣೆದೋಸೆ ಪ್ರೆಸ್ಸು (ದಾವಣಗೆರೆ)

ಒಪ್ಪಿದೆ ಜಾಲಿ ಸಾರ್, ಆವತ್ತು ಅವಸರ ಮಾಡಿದೆ. ಆದರೆ ಒಂದು ಅನುಮಾನ. ಮೈನಸ್ 60 ರಲ್ಲಿ ಮರದ ಒಳಗಿನ ನೀರು ಗಡ್ಡೆಯಾಗಿ ಮರ ಸೀಳಿ ಹೋಗಬೇಕಲ್ಲ? ನಮ್ಮ ಫ್ರಿಜ್ಜಿನಲ್ಲಿ ಗಾಜಿನ ಬಾಟ್ಲಿ ಒಡೆಯುತ್ತೆ.

ಕೋಟೆ ಹುಡುಗಿ (ಚಿತ್ರದುರ್ಗ)

ಇದಕ್ಕೆ ನಾನು ಹೇಳಬಲ್ಲೆ ಅಣ್ಣ. ಜೀವಕೋಶದ ಒಳಗೆ ಗಡ್ಡೆಯಾದರೆ ಕೋಶ ಸತ್ತಂತೆ. ಹಾಗಾಗಿ ಮರ ನೀರನ್ನು ಕೋಶದಿಂದ ಹೊರಗೆ ಬಿಡುತ್ತದೆ. ಕೋಶ ಕೋಶದ ನಡುವಿನ ಸಂದಿಯಲ್ಲಿ ಆ ನೀರು ಗಡ್ಡೆಯಾಗುತ್ತದೆ. ಒಳಗೆ ಉಳಿಯುವುದು ಸಕ್ಕರೆ ತುಂಬಿದ ಗಟ್ಟಿ ದ್ರವ, ಅದು ಹೆಪ್ಪುಗಟ್ಟುವುದಿಲ್ಲ. ಹೀಗೆ ತಯಾರಾದ ವಿಲೋ ಕಡ್ಡಿಗಳನ್ನು ಜಪಾನಿನ ಅಕಿರಾ ಸಕಾಯ್ ಅನ್ನುವ ವಿಜ್ಞಾನಿ ಹಂತ ಹಂತವಾಗಿ ತಣಿಸಿ ದ್ರವ ಸಾರಜನಕದಲ್ಲಿ ಮುಳುಗಿಸಿದರು. ಅಂದರೆ ಮೈನಸ್ 196 ಡಿಗ್ರಿ. ತೆಗೆದ ಮೇಲೆ ಕಡ್ಡಿ ಬದುಕಿತ್ತು.

ಆದರೆ ಈ ತಯಾರಿ ಒಂದೇ ದಿನದಲ್ಲಿ ಆಗುವುದಲ್ಲ. ಆಗಸ್ಟ್‌ನಿಂದ ಹಗಲು ಗಿಡ್ಡ ಆಗುವುದನ್ನು ನೋಡಿ ಮರ ಶುರುಮಾಡುತ್ತದೆ. ಚಳಿ ಬರುವುದಕ್ಕೆ ಕಾಯುವುದಿಲ್ಲ. ಅದೇ ಮರಕ್ಕೆ ಜುಲೈನಲ್ಲಿ ಮೈನಸ್ 10 ಬಂದರೆ ಚಿಗುರೆಲ್ಲ ಸತ್ತೇ ಹೋಗುತ್ತದೆ.

ಮತ್ತೆ ನಾಳದ ವಿಷಯ. ಸೂಜಿ ಮರಗಳ ನೀರಿನ ನಾಳ ಬಹಳ ಸಣ್ಣದು. ಗಡ್ಡೆ ಕರಗುವಾಗ ಗುಳ್ಳೆ ಹುಟ್ಟಿದರೂ ಸಣ್ಣ ನಾಳದಲ್ಲಿ ಕರಗಿ ಹೋಗುತ್ತದೆ, ನೀರಿನ ಎಳೆ ಕಡಿಯುವುದಿಲ್ಲ. ಬರ್ಚ್ ಮರದ ನಾಳ ಅಗಲ, ಅದರಲ್ಲಿ ಗುಳ್ಳೆ ತುಂಬಿಕೊಳ್ಳುತ್ತದೆ. ಅದಕ್ಕೆ ಅದು ಏಪ್ರಿಲ್‌ನಲ್ಲಿ ಬೇರಿನಿಂದ ಜೋರಾಗಿ ನೀರು ಒತ್ತಿ ನಾಳ ತುಂಬಿಸುತ್ತದೆ. ಆ ಹೊತ್ತಿನಲ್ಲಿ ತೊಗಟೆಗೆ ತೂತು ಮಾಡಿ ನಳಿಕೆ ಸಿಕ್ಕಿಸಿದರೆ ರಸ ಸುರಿಯುತ್ತದೆ. ಹಾಸ್ಟೆಲಿನ ಹಿಂದೆ ಮೂರು ಲೀಟರಿನ ಜಾಡಿ ನೇತುಹಾಕುತ್ತಿದ್ದರು.

ಬೆಣ್ಣೆದೋಸೆ ಪ್ರೆಸ್ಸು (ದಾವಣಗೆರೆ)

ಸೇಂದಿ ಇಳಿಸೋ ಹಾಗೆ ಅನ್ನು ತಂಗಿ. ಏರುತ್ತಾ?

ಕೋಟೆ ಹುಡುಗಿ (ಚಿತ್ರದುರ್ಗ)

ಏರುವುದಿಲ್ಲ ಅಣ್ಣ, ಕಂಡೂ ಕಾಣದ ಸಿಹಿ ಅಷ್ಟೇ. ಸಕ್ಕರೆ ಅಂಶ ನೂರಕ್ಕೆ ಒಂದರಷ್ಟು. ಪಾಕ ಮಾಡಬೇಕಾದರೆ ನೂರು ಲೀಟರ್ ಕಾಯಿಸಿದರೆ ಒಂದು ಲೀಟರ್ ಸಿಗುತ್ತದೆ.

ಬರ್ಚ್ ತೊಗಟೆ ಬಗ್ಗೆ ಹೇಳದೆ ಬಿಡಲಾರೆ. ಬಿಳಿ, ಪದರ ಪದರವಾಗಿ ಸುಲಿಯುತ್ತದೆ, ನೀರು ಇಳಿಯುವುದಿಲ್ಲ. ರಷ್ಯಾದ ನೊವ್ಗೊರೊದ್‌ನಲ್ಲಿ 1951 ರಲ್ಲಿ ನೆಲ ಅಗೆಯುವಾಗ ಬರ್ಚ್ ತೊಗಟೆಯ ಮೇಲೆ ಗೀಚಿ ಬರೆದ ಹಳೆಯ ಕಾಗದ ಸಿಕ್ಕಿತು. ಆಮೇಲೆ ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಸಾಲದ ಲೆಕ್ಕ, ಮನೆ ಜಗಳ, ಮದುವೆ ಮಾತು, ಒಬ್ಬ ಹುಡುಗ ಅಕ್ಷರ ತಿದ್ದಿದ್ದು. ನಮ್ಮ ಭೂರ್ಜಪತ್ರವೂ ಹಿಮಾಲಯದ ಬರ್ಚ್ ಮರದ ತೊಗಟೆಯೇ. ಅಣ್ಣತಮ್ಮಂದಿರ ಮರ.

ಹಿರಿಯೂರಕ್ಕ

ಮರದ ಮಾತೇ ಆಯ್ತು. ನೆಲದ ಮೇಲೆ ಏನು ಬೆಳೆಯುತ್ತೆ ಹೇಳಿ. ತಿನ್ನೋದಕ್ಕೆ ಏನಾದರೂ ಸಿಗುತ್ತಾ? ನಮ್ಮ ಕಡೆ ಕಾಡಿಗೆ ಹೋದರೆ ಕಾರೆ, ಕವಳೆ, ಬಾರೆ ಅಂತ ಏನಾದರೂ ಬಾಯಿಗೆ ಬೀಳುತ್ತೆ.

ಉಮಿಯೋ ಹರಿಹರದವ

ಅಕ್ಕಾ, ಇದಕ್ಕೆ ನಾನು ಒಂದು ಪುಟ ಬರೆಯಬಲ್ಲೆ. ಸ್ಪ್ರೂಸ್ ಕಾಡಿನೊಳಗೆ ಹೋದರೆ ಕಾಲು ಹುದುಗುತ್ತದೆ. ಮಣ್ಣು ಕಾಣುವುದೇ ಇಲ್ಲ, ಎಲ್ಲ ಹಾವಸೆ. ಒಂದು ಜಾತಿಯ ಹಾವಸೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ, ವರ್ಷಕ್ಕೊಂದು ಮೆಟ್ಟಿಲು. ಬೆರಳಿನಲ್ಲಿ ಎತ್ತಿ ಹಿಡಿದು ಎಣಿಸಿದರೆ ಅದರ ವಯಸ್ಸು ಹೇಳಬಹುದು. ಅದರ ನಡುವೆ ಮೊಣಕಾಲಿನಷ್ಟು ಎತ್ತರದ ಪೊದೆ, ಅದರಲ್ಲಿ ಜುಲೈ-ಆಗಸ್ಟ್ ಹೊತ್ತಿಗೆ ನೀಲಿ ಹಣ್ಣು, ಬಿಲ್‌ಬೆರಿ. ತಿಂದರೆ ನಾಲಿಗೆ ನೇರಳೆ ಹಣ್ಣು ತಿಂದ ಬಣ್ಣ. ಸೆಪ್ಟೆಂಬರ್‌ಗೆ ಕೆಂಪು ಲಿಂಗನ್‌ಬೆರಿ. ಹುಳಿ ಮತ್ತು ಸ್ವಲ್ಪ ಕಹಿ. ನಿಮಗೆ ಇಷ್ಟ ಆಗುವಂಥದ್ದು, ಅದರಲ್ಲಿ ಬೆಂಜೋಯಿಕ್ ಆಮ್ಲ ತಾನಾಗಿಯೇ ಇದೆ. ಉಪ್ಪಿನಕಾಯಿ ಕೆಡದಿರಲಿ ಅಂತ ಕಂಪನಿಯವರು ಹಾಕುತ್ತಾರಲ್ಲ, ಆ ಜಾತಿಯದ್ದು. ಹಾಗಾಗಿ ಬರೀ ತಣ್ಣೀರಿನಲ್ಲಿ ಹಾಕಿ ಮುಚ್ಚಿಟ್ಟರೂ ಚಳಿಗಾಲ ಪೂರ್ತಿ ಕೆಡುವುದಿಲ್ಲ. ಸಕ್ಕರೆ ಬೇಡ, ಉಪ್ಪೂ ಬೇಡ.

ಎಲ್ಲಕ್ಕಿಂತ ದುಬಾರಿ ಕ್ಲೌಡ್‌ಬೆರಿ. ಜವುಗಿನಲ್ಲಿ ಬೆಳೆಯುತ್ತದೆ. ಒಂದು ಗಿಡಕ್ಕೆ ಒಂದೇ ಹಣ್ಣು, ಕಿತ್ತಳೆ ಬಣ್ಣ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬಿಟ್ಟಾಗ ಒಂದು ರಾತ್ರಿ ಇಬ್ಬನಿ ಗಡ್ಡೆಯಾದರೆ ಆ ವರ್ಷದ ಹಣ್ಣು ಹೋಯ್ತು. ಫಿನ್‌ಲ್ಯಾಂಡಿನ 2 ಯೂರೋ ನಾಣ್ಯದ ಮೇಲೆ ಇದೇ ಗಿಡದ ಚಿತ್ರ ಇದೆ. ಇಲ್ಲಿ ಕಾಡು ಯಾರದ್ದೇ ಆಗಿರಲಿ, ಹಣ್ಣು ಆರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಆದರೂ ಕ್ಲೌಡ್‌ಬೆರಿ ಸಿಗುವ ಜಾಗ ಎಲ್ಲಿ ಅಂತ ಯಾರೂ ಯಾರಿಗೂ ಹೇಳುವುದಿಲ್ಲ. ನಮ್ಮ ಆಫೀಸಿನಲ್ಲಿ ಸಂಬಳ ಹೇಳಿಕೊಳ್ಳುತ್ತಾರೆ, ಇದನ್ನು ಹೇಳುವುದಿಲ್ಲ.

ಹಿರಿಯೂರಕ್ಕ

ತಣ್ಣೀರಿನಲ್ಲೇ ಕೆಡದ ಹಣ್ಣು! ಎಣ್ಣೆ ಉಪ್ಪು ಖಾರ ಸುರಿದು ನಾವು ಒದ್ದಾಡ್ತೀವಿ. ಮತ್ತೆ ಅಲ್ಲಿ ಕಲ್ಲುಹೂವು ಸಿಗುತ್ತಂತೆ, ಹೌದಾ? ಮಸಾಲೆಗೆ ಹಾಕ್ತಾರಾ?

ಉಮಿಯೋ ಹರಿಹರದವ

ಕಲ್ಲುಹೂವಿನ ಬಳಗದ್ದೇ ಅಕ್ಕಾ, ಆದರೆ ಬೇರೆ ಜಾತಿ. ಪೈನ್ ಕಾಡಿನ ಮರಳು ನೆಲದ ಮೇಲೆ ಬೂದು-ಬಿಳಿ ಬಣ್ಣದಲ್ಲಿ ಹಾಸಿಕೊಂಡಿರುತ್ತದೆ. ಮಳೆ ಬಿದ್ದ ದಿನ ಸ್ಪಂಜಿನಂತೆ ಮೆತ್ತಗೆ, ಒಣಗಿದ ದಿನ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ವರ್ಷಕ್ಕೆ ನಾಲ್ಕೈದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಚಳಿಗಾಲದಲ್ಲಿ ಹಿಮಸಾರಂಗಗಳು ಗೊರಸಿನಿಂದ ಹಿಮ ಕೆದರಿ ತಿನ್ನುವುದು ಇದನ್ನೇ. ಒಂದು ಸಲ ಸುಟ್ಟರೆ ಮತ್ತೆ ತುಂಬಿಕೊಳ್ಳಲು ಹತ್ತಾರು ವರ್ಷ ಬೇಕು.

ವಯಸ್ಸಿನ ಮಾತು ಬಂದದ್ದಕ್ಕೆ ಇನ್ನೊಂದು. ಸ್ವೀಡನ್ನಿನ ಫುಲುಫಿಯೆಲ್ ಬೆಟ್ಟದ ಮೇಲೆ ಒಂದು ಸ್ಪ್ರೂಸ್ ಇದೆ. ನಮ್ಮ ಊರಿನ ವಿಶ್ವವಿದ್ಯಾಲಯದ ಲೇಫ್ ಕುಲ್‌ಮನ್ ಅದರ ಬುಡದ ಹಳೆಯ ಕಟ್ಟಿಗೆಯ ವಯಸ್ಸು ಅಳೆಸಿದರು. ಸುಮಾರು 9,550 ವರ್ಷ. ಮೇಲೆ ಕಾಣುವ ಕಾಂಡ ಮಾತ್ರ ಕೆಲವು ನೂರು ವರ್ಷದ್ದು. ಕೆಳಗಿನ ಕೊಂಬೆ ನೆಲಕ್ಕೆ ತಾಗಿ ಬೇರು ಬಿಡುತ್ತದೆ, ಹಳೆ ಕಾಂಡ ಸಾಯುತ್ತದೆ, ಹೊಸದು ಏಳುತ್ತದೆ. ನೋಡಲು ಏನೂ ವಿಶೇಷ ಇಲ್ಲ ಅನ್ನಿ. ತೆಳ್ಳಗೆ, ಕೊಂಬೆ ಅರ್ಧ ಇಲ್ಲದ ಮರ.

ಬೆಣ್ಣೆದೋಸೆ ಪ್ರೆಸ್ಸು (ದಾವಣಗೆರೆ)

ಮೇಷ್ಟ್ರೇ, ಕಾಗದದ ಉದ್ಯಮ ಅಂತ ಬರೀ ಎರಡು ಪದದಲ್ಲಿ ಮುಗಿಸಬೇಡಿ, ನಮ್ಮ ಹೊಟ್ಟೆಪಾಡು ಅದು. ನ್ಯೂಸ್‌ಪ್ರಿಂಟ್ ರೀಲುಗಳು ರಷ್ಯಾ, ಕೆನಡಾದಿಂದಲೂ ಬರುತ್ತವೆ. ಯಾಕೆ ಗೊತ್ತಾ? ಸ್ಪ್ರೂಸ್, ಪೈನ್ ಮರದ ನಾರು ಸುಮಾರು 3 ಮಿ.ಮೀ. ಉದ್ದ. ನೀಲಗಿರಿಯದ್ದು 1 ಮಿ.ಮೀ. ಮುಟ್ಟುವುದೂ ಕಷ್ಟ. ಮೆಷಿನ್ ಜೋರಾಗಿ ಓಡುವಾಗ ಪೇಪರ್ ಹರಿಯದೆ ತಡೆಯಬೇಕಾದರೆ ಉದ್ದ ನಾರು ಬೇಕು. ಹರಿಹರದ ಪಕ್ಕ ಕುಮಾರಪಟ್ಟಣದಲ್ಲಿ ನೀಲಗಿರಿಯಿಂದ ತಿರುಳು ಮಾಡುತ್ತಾರೆ, ಆದರೆ ಅದು ಹೋಗುವುದು ಬಟ್ಟೆಯ ನೂಲಿಗೆ. ಅಲ್ಲಿಗೆ ನಾರು ಗಿಡ್ಡ ಇದ್ದರೂ ನಡೆಯುತ್ತೆ.

ಮತ್ತೆ ಆ ಮರ ಬೆಳೆಯೋಕೆ ಎಷ್ಟು ವರ್ಷ ಬೇಕು?

ಜಗಳೂರು ಜಾಲಿ

ಸ್ವೀಡನ್ನಿನ ಉತ್ತರದಲ್ಲಿ ಒಂದು ಸಲ ಕಡಿದರೆ ಮುಂದಿನ ಕಡಿತಕ್ಕೆ ನೂರು ವರ್ಷ ಆಚೀಚೆ. ಕೆನಡಾದ ಜವುಗಿನಲ್ಲಿ ನಿಂತ ಕಪ್ಪು ಸ್ಪ್ರೂಸ್ ಇನ್ನೂ ನಿಧಾನ. ನೂರು ವರ್ಷದ ಮರ ನಿಮ್ಮ ಮುಂಗೈ ದಪ್ಪ ಇದ್ದರೂ ಆಶ್ಚರ್ಯ ಇಲ್ಲ. ನಮ್ಮ ನೀಲಗಿರಿಯನ್ನು ಏಳೆಂಟು ವರ್ಷಕ್ಕೆ ಕಡಿಯುತ್ತಾರೆ. ನಿಧಾನವಾಗಿ ಬೆಳೆದ ಸ್ಪ್ರೂಸ್‌ನ ಉಂಗುರ ಸಣ್ಣ ಸಣ್ಣ, ಅದಕ್ಕೇ ಪಿಟೀಲಿನ ಮೇಲ್ಹಲಗೆಗೂ ಅಂಥ ಸ್ಪ್ರೂಸೇ ಬೇಕು ಅಂತಾರೆ.

ಚಳ್ಳಕೆರೆ ಮೇಷ್ಟ್ರು

ಬೆಂಕಿ ಬಗ್ಗೆಯೂ ಕೇಳಬೇಕಿತ್ತು. ಕೆನಡಾದಲ್ಲಿ ಕಾಡು ಸುಟ್ಟ ಸುದ್ದಿ ಪೇಪರಿನಲ್ಲಿ ಓದಿ ಹುಡುಗರು ಕೇಳುತ್ತಾರೆ, ಅಷ್ಟು ಚಳಿ ಇರುವ ಕಡೆ ಬೆಂಕಿ ಹೇಗೆ ಅಂತ.

ಜಗಳೂರು ಜಾಲಿ

ಬೇಸಿಗೆಯಲ್ಲಿ ಅಲ್ಲೂ 30 ಡಿಗ್ರಿ ದಾಟುತ್ತದೆ ಮೇಷ್ಟ್ರೇ. ಹಗಲು ಹದಿನೆಂಟು ಇಪ್ಪತ್ತು ಗಂಟೆ. ನೆಲದಲ್ಲಿ ಕೊಳೆಯದೆ ಉಳಿದ ತರಗು, ಒಣಗಿದ ಹಾವಸೆ, ಮರದ ತುಂಬ ರಾಳ. ಒಂದು ಸಿಡಿಲು ಸಾಕು. 2023 ರಲ್ಲಿ ಕೆನಡಾದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಸುಟ್ಟಿತು. ನಮ್ಮ ಇಡೀ ರಾಜ್ಯದ ವಿಸ್ತೀರ್ಣವೇ 1.92 ಕೋಟಿ ಹೆಕ್ಟೇರ್, ಹೋಲಿಸಿ ನೋಡಿ.

ಆದರೆ ಬೆಂಕಿ ಅಲ್ಲಿಗೆ ಹೊಸದಲ್ಲ. ಕೆನಡಾದ ಜ್ಯಾಕ್ ಪೈನ್ ಮರದ ಕಾಯಿ ರಾಳದಿಂದ ಅಂಟಿಕೊಂಡು ಮುಚ್ಚಿರುತ್ತದೆ. ವರ್ಷಗಟ್ಟಲೆ ಹಾಗೇ ಕೊಂಬೆಯ ಮೇಲೆ ಇರುತ್ತದೆ. 50 ಡಿಗ್ರಿ ಮೀರಿದ ಶಾಖ ತಾಗಿದಾಗ ರಾಳ ಕರಗುತ್ತದೆ, ಪಕಳೆ ಬಿಚ್ಚಿಕೊಳ್ಳುತ್ತದೆ, ಸುಟ್ಟ ಬೂದಿಯ ಮೇಲೆ ಬೀಜ ಉದುರುತ್ತದೆ. ಕಪ್ಪು ಸ್ಪ್ರೂಸ್‌ನ ಕಾಯಿಯೂ ಅರ್ಧ ಹೀಗೆಯೇ. ಸೈಬೀರಿಯಾದ ಸ್ಕಾಟ್ಸ್ ಪೈನ್, ಲಾರ್ಚ್ ಬೇರೆ ದಾರಿ ಹಿಡಿದಿವೆ. ದಪ್ಪ ತೊಗಟೆ. ಬೆಂಕಿ ನೆಲದ ಮೇಲೆ ಹರಿದು ಹೋಗುತ್ತದೆ, ದೊಡ್ಡ ಮರ ಉಳಿಯುತ್ತದೆ. ಜೋಗಿಮಟ್ಟಿಯಲ್ಲಿ ಬೇಸಿಗೆ ಹುಲ್ಲಿಗೆ ಬಿದ್ದ ಬೆಂಕಿ ಈ ಎರಡನೇ ಜಾತಿಯದ್ದು.

ತೊಂದರೆ ಏನೆಂದರೆ, ಮೊದಲು ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ಬೆಂಕಿ ಈಗ ಬೇಗ ಬೇಗ ಬರುತ್ತಿದೆ. ಮರ ಕಾಯಿ ಬಿಡುವ ವಯಸ್ಸಿಗೆ ಬರುವ ಮುಂಚೆಯೇ ಮತ್ತೊಮ್ಮೆ ಸುಟ್ಟರೆ ಬೀಜ ಎಲ್ಲಿಂದ ಬರಬೇಕು? ಅಂಥ ಕಡೆ ಸ್ಪ್ರೂಸ್ ಜಾಗಕ್ಕೆ ಆಸ್ಪೆನ್, ಬರ್ಚ್ ಬರುತ್ತಿವೆ.

ಉಮಿಯೋ ಹರಿಹರದವ

ನಮ್ಮ ಊರನ್ನೇ ಬರ್ಚ್ ಮರಗಳ ಊರು ಅನ್ನುತ್ತಾರೆ. ಕಾರಣ ಬೆಂಕಿ. 1888 ರ ಜೂನ್ 25 ರಂದು ಉಮಿಯೋ ಬಹುಪಾಲು ಸುಟ್ಟು ಹೋಯಿತು. ಮರುಕಟ್ಟುವಾಗ ರಸ್ತೆ ಅಗಲ ಮಾಡಿ ಎರಡೂ ಕಡೆ ಸಾಲಾಗಿ ಬರ್ಚ್ ನೆಟ್ಟರು. ಅದರ ಎಲೆಯಲ್ಲಿ ನೀರಿನ ಅಂಶ ಜಾಸ್ತಿ, ರಾಳ ಇಲ್ಲ, ಬೆಂಕಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರದಿರಲಿ ಅಂತ.

ಕೋಟೆ ಹುಡುಗಿ (ಚಿತ್ರದುರ್ಗ)

ಸುಟ್ಟ ಜಾಗಕ್ಕೆ ಮೊದಲು ಬರುವ ಗಿಡ ಎದೆಮಟ್ಟದ, ಗುಲಾಬಿ ಬಣ್ಣದ ಹೂವಿನದ್ದು, ಫೈರ್‌ವೀಡ್. ಕಪ್ಪು ಕಾಂಡಗಳ ನಡುವೆ ಗುಡ್ಡದ ತುಂಬ ಗುಲಾಬಿ. ಅದರ ಎಲೆಯನ್ನು ಕೈಯಲ್ಲಿ ಹೊಸೆದು, ಕಾವು ಕೊಟ್ಟು ಒಣಗಿಸಿ ರಷ್ಯಾದವರು ಚಹಾ ಮಾಡುತ್ತಾರೆ. ಕುಡಿದಿದ್ದೇನೆ, ನಮ್ಮ ಚಹಾ ಮುಂದೆ ಸಪ್ಪೆ.

ಬೀಜದ ಮಾತಿಗೆ ಒಂದು ಹಕ್ಕಿಯನ್ನೂ ಸೇರಿಸಿ. ಸೈಬೀರಿಯಾ ಪೈನ್ ಬೀಜಕ್ಕೆ ರೆಕ್ಕೆ ಇಲ್ಲ, ಗಾಳಿಗೆ ಹಾರುವುದಿಲ್ಲ. ನಟ್‌ಕ್ರ್ಯಾಕರ್ ಅನ್ನುವ ಕಾಗೆ ಜಾತಿಯ ಹಕ್ಕಿ ಗಂಟಲ ಚೀಲದಲ್ಲಿ ತುಂಬಿಕೊಂಡು ಹೋಗಿ ಹಾವಸೆ ಕೆಳಗೆ ಚಳಿಗಾಲಕ್ಕೆ ಬಚ್ಚಿಡುತ್ತದೆ. ತಿನ್ನದೆ ಬಿಟ್ಟದ್ದು ಮೊಳೆಯುತ್ತದೆ. ಆ ಮರ ಒಂದೇ ಕಡೆ ನಾಲ್ಕೈದು ಗುಂಪಾಗಿ ಹುಟ್ಟಿದ್ದರೆ ಹಕ್ಕಿ ನೆಟ್ಟದ್ದು ಅಂತ ಲೆಕ್ಕ.

ಹಸಿರು ದಾವಣಗೆರೆ

ಎಲ್ಲ ಓದಿದೆ. ಇಷ್ಟು ಕಷ್ಟಸಹಿಷ್ಣು ಮರಗಳು, ಬರ ತಡೆಯುತ್ತವೆ ಅಂತ ನೀವೇ ಹೇಳ್ತಿದ್ದೀರಿ. ಹಾಗಾದರೆ ನಮ್ಮ ಕಡೆ ಯಾಕೆ ನೆಡಬಾರದು? ನರ್ಸರಿಯಲ್ಲಿ ಪೈನ್ ಸಸಿ ಸಿಗುತ್ತೆ, ನಾನೇ ಎರಡು ತಂದಿದ್ದೇನೆ. ಕೊಡೈಕೆನಾಲ್‌ನಲ್ಲಿ ಪೈನ್ ಕಾಡೇ ಇದೆ. ಹುಲ್ಲಿನ ಕಾವಲುಗಳು ಖಾಲಿ ಬಿದ್ದಿವೆ, ಅಲ್ಲಿ ಹಾಕಿಸಿದರೆ ಎಷ್ಟು ಚೆಂದ.

ಜಗಳೂರು ಜಾಲಿ

ಸ್ವಾಮಿ, ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನರ್ಸರಿಯವರು ಪೈನ್, ಕ್ರಿಸ್‌ಮಸ್ ಮರ ಅಂತ ಕೊಡುವುದು ಸಾಮಾನ್ಯವಾಗಿ ಅರೌಕೇರಿಯಾ. ಅದರ ತವರು ಆಸ್ಟ್ರೇಲಿಯಾ ಆಚೆಯ ಬೆಚ್ಚಗಿನ ದ್ವೀಪಗಳು. ಟೈಗಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದಕ್ಷಿಣಾರ್ಧ ಗೋಳದಲ್ಲಿ ಟೈಗಾ ಅನ್ನುವುದೇ ಇಲ್ಲ, ಆ ಅಕ್ಷಾಂಶದಲ್ಲಿ ಅಲ್ಲಿ ಹೆಚ್ಚುಕಡಿಮೆ ಬರೀ ಸಮುದ್ರ. ಕೊಡೈಕೆನಾಲ್‌ನಲ್ಲಿ ನೆಟ್ಟಿರುವ ಪೈನ್ ಮೆಕ್ಸಿಕೋ ಕಡೆಯದ್ದು. ನಮ್ಮ ಸರ್ವೆ ಮರವನ್ನೂ ಪೈನ್ ಅನ್ನುವವರಿದ್ದಾರೆ. ಅದು ಹೂ ಬಿಡುವ ಗಿಡ, ಸೂಜಿಯಂತೆ ಕಾಣುವುದು ಅದರ ರೆಂಬೆ.

ನಿಜವಾದ ಟೈಗಾ ಮರ ಇಲ್ಲಿ ಬರುವುದಿಲ್ಲ. ಅದರ ಮೊಗ್ಗು ಬಿಚ್ಚಬೇಕಾದರೆ ಮೊದಲು ಚಳಿಯಲ್ಲಿ ವಾರಗಟ್ಟಲೆ ಮಲಗಬೇಕು. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬರ ತಡೆಯುವುದು ಬೇರೆ, ಬಿಸಿ ತಡೆಯುವುದು ಬೇರೆ. ರಾತ್ರಿಯೂ 25 ಡಿಗ್ರಿ ಇದ್ದರೆ ಹಗಲು ದುಡಿದ ಸಕ್ಕರೆಯನ್ನೆಲ್ಲ ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ.

ಇನ್ನು ಕಾವಲು. ಅದು ಖಾಲಿ ಜಾಗ ಅಲ್ಲ ಸ್ವಾಮಿ. ಹುಲ್ಲುಗಾವಲು ಅದರ ಸ್ವಂತ ರೂಪ. ಕೃಷ್ಣಮೃಗ ಓಡುವುದು, ಕುರಿ ದನ ಮೇಯುವುದು ಅಲ್ಲೇ. ಮರ ನೆಟ್ಟರೆ ನೆರಳಿಗೆ ಹುಲ್ಲು ಹೋಗುತ್ತದೆ.

ಹಸಿರು ದಾವಣಗೆರೆ

ಬೇಜಾರೇನಿಲ್ಲ ಸಾರ್. ಆದರೆ ಮರ ನೆಟ್ಟರೆ ಭೂಮಿ ತಂಪಾಗುತ್ತೆ ಅನ್ನೋದು ಎಲ್ಲ ಕಡೆ ನಿಜ ತಾನೆ? ಹುಲ್ಲು ಅಷ್ಟು ಇಂಗಾಲ ಹಿಡಿಯುತ್ತಾ?

ಉಮಿಯೋ ಹರಿಹರದವ

ಎಲ್ಲ ಕಡೆ ನಿಜ ಅಲ್ಲ. ಇದು ಇಲ್ಲಿ ದೊಡ್ಡ ಚರ್ಚೆ. ಹಿಮ ಬಿದ್ದ ಬಯಲು ಬೆಳ್ಳಗಿರುತ್ತದೆ, ಬಂದ ಬಿಸಿಲನ್ನು ಬಹುಪಾಲು ವಾಪಸ್ ಕಳಿಸುತ್ತದೆ. ಅದೇ ಜಾಗದಲ್ಲಿ ಸ್ಪ್ರೂಸ್ ನಿಂತರೆ ಕಡು ಹಸಿರು, ಬಿಸಿಲನ್ನು ಹೀರುತ್ತದೆ. ಹಾಗಾಗಿ ತೀರಾ ಉತ್ತರದ ಹಿಮಬಯಲಿನಲ್ಲಿ ಹೊಸದಾಗಿ ಕಾಡು ಬೆಳೆಸಿದರೆ ತಂಪಿಗಿಂತ ಕಾವೇ ಹೆಚ್ಚಾಗಬಹುದು. ಇರುವ ಕಾಡನ್ನು ಕಡಿಯಬಾರದು ಅನ್ನೋದು ಬೇರೆ ಮಾತು. ಜಗತ್ತಿನ ಒಟ್ಟು ಕಾಡಿನಲ್ಲಿ ಸುಮಾರು 27% ಈ ಉತ್ತರದ ಕಾಡು, ಮತ್ತೆ ಅದರ ಇಂಗಾಲ ಮರಕ್ಕಿಂತ ಜಾಸ್ತಿ ನೆಲದಲ್ಲಿದೆ. ಕೊಳೆಯದ ತರಗು, ಜವುಗಿನ ಹಾವಸೆ, ಹೆಪ್ಪುಗಟ್ಟಿದ ಮಣ್ಣು. ಅದು ಕರಗಿದರೆ ಕಥೆ ಬೇರೆ. ಅಲಾಸ್ಕಾ, ಸೈಬೀರಿಯಾ ಕಡೆ ನೆಲ ಕರಗಿ ಕುಸಿದು ಮರಗಳು ಎತ್ತೆತ್ತಲೋ ವಾಲಿ ನಿಂತಿವೆ. ಕುಡಿದ ಕಾಡು ಅಂತ ಹೆಸರೇ ಬಿದ್ದಿದೆ ಅದಕ್ಕೆ.

ಜಗಳೂರು ಜಾಲಿ

ಹುಲ್ಲಿನದ್ದೂ ಅದೇ ಲೆಕ್ಕ, ಇಂಗಾಲ ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಮೇಲೆ ಕಾಣದೆ ಇದ್ದದ್ದಕ್ಕೆ ಖಾಲಿ ಅಂತೀವಿ.

ಚಳ್ಳಕೆರೆ ಮೇಷ್ಟ್ರು

ಸಾರ್, ಅಕ್ಕ, ತಮ್ಮಂದಿರೇ, ಒಂದು ವಾರದ ಪಾಠ ಸಿಕ್ಕಿತು. ಹುಡುಗರಿಗೆ ಕೈಯಲ್ಲಿ ಮಾಡಿ ತೋರಿಸಲು ಏನಾದರೂ ಇದೆಯಾ? ಸ್ಪ್ರೂಸ್ ಅಂತೂ ತರಲಾರೆ.

ಜಗಳೂರು ಜಾಲಿ

ಇದೆ. ಬಂದರಿಕೆ ಎಲೆ ಹತ್ತು, ನುಗ್ಗೆ ಎಲೆ ಒಂದು ಹಿಡಿ, ಅಂಗಡಿಯ ತಕ್ಕಡಿಯಲ್ಲಿ ಒಂದೇ ತೂಕ ಮಾಡಿ ನೆರಳಲ್ಲಿ ಹರಡಿ. ಬೆಳಿಗ್ಗೆ ಇಟ್ಟು ಸಂಜೆ ಮತ್ತೆ ತೂಗಲಿ. ಯಾವುದು ನೀರು ಬಿಟ್ಟುಕೊಟ್ಟಿತು, ಯಾವುದು ಹಿಡಿದುಕೊಂಡಿತು ಅಂತ ಅವರೇ ಹೇಳುತ್ತಾರೆ. ಆಮೇಲೆ ಸೂಜಿ ಎಲೆಯ ಚಿತ್ರ ತೋರಿಸಿ.

ಹಸಿರು ದಾವಣಗೆರೆಯವರಿಗೆ: ಗುಡ್ಡದ ಬುಡದಲ್ಲಿ, ಮೊದಲು ಮರ ಇದ್ದು ಹೋದ ಕಡೆ ನೆಡಬೇಕು ಅಂದರೆ ನಮ್ಮ ಒಣಕಾಡಿನ ಕಮರ ಮರ ಹಾಕಿ. ಏಪ್ರಿಲ್-ಮೇ ಹೊತ್ತಿಗೆ ಕಾಯಿ ಒಣಗುತ್ತದೆ, ಆರಿಸಿಟ್ಟುಕೊಂಡು ಮಳೆ ಹಿಡಿದ ಕೂಡಲೇ ಸೀದಾ ನೆಲಕ್ಕೇ ಬಿತ್ತಿ, ಪಾಕೀಟಿನಲ್ಲಿ ಜಾಸ್ತಿ ದಿನ ಇಟ್ಟರೆ ತಾಯಿಬೇರು ಸುತ್ತಿಕೊಳ್ಳುತ್ತದೆ. ಮೊದಲ ವರ್ಷಗಳಲ್ಲಿ ಮೇಲೆ ಏನೂ ಬೆಳೆದಂತೆ ಕಾಣುವುದಿಲ್ಲ, ಬೇರು ಇಳಿಯುತ್ತಿರುತ್ತದೆ. ಸತ್ತಿತು ಅಂತ ಕಿತ್ತು ನೋಡಬೇಡಿ. ಕುರಿ ಬಾಯಿ ಹಾಕದ ಹಾಗೆ ಸುತ್ತ ಕಾರೆ ಮುಳ್ಳು ಹಾಕಿ.

ಹಸಿರು ದಾವಣಗೆರೆ

ಕಮರದ ಬೀಜ ಎಲ್ಲಿ ಸಿಗುತ್ತೆ ಸಾರ್, ಜಗಳೂರು ಕಡೆ ಬಂದರೆ ತೋರಿಸ್ತೀರಾ?

ಜಗಳೂರು ಜಾಲಿ

ಬನ್ನಿ. ಚೀಲ ನೀವೇ ತನ್ನಿ. ಅಭಯಾರಣ್ಯದ ಒಳಗಿನದ್ದು ಮುಟ್ಟುವ ಹಾಗಿಲ್ಲ, ಹೊಲದ ಬದುವಿನ ಮೇಲಿನ ಮರಗಳಿವೆ, ಅವರನ್ನು ಕೇಳಿ ಆರಿಸೋಣ.